ಬೆನ್ನುಮೂಳೆಗೆ ಪೆಟ್ಟಾದವರನ್ನು ಘಟ್ಟದ ದಾರಿಯಲ್ಲಿ ಸಾಗಿಸಲು ಮೊದಲು ಏನು ಕೊಳ್ಳಬೇಕು: ಸ್ಪೈನ್ ಬೋರ್ಡೋ, ಸ್ಕೂಪೋ, ವ್ಯಾಕ್ಯೂಮ್ ಮ್ಯಾಟ್ರೆಸ್ಸೋ?

ಹೇಮಾವತಿ ದಡ

ನಮಸ್ಕಾರ. ಸಕಲೇಶಪುರ ಕಡೆಯ ಒಂದು ಸಮಿತಿಯ ಆಂಬುಲೆನ್ಸ್‌ಗೆ ಬೆನ್ನುಮೂಳೆ ಪೆಟ್ಟಿನ ಸಾಮಾನು ಕೊಳ್ಳಬೇಕಿದೆ. ಗಾಡಿ ಫೋರ್ಸ್ ಟ್ರಾವೆಲರ್. ಗಾಡಿಯಲ್ಲಿ ಇರುವವರು ಇಬ್ಬರೇ, ಒಬ್ಬ ಪೈಲಟ್ (ಚಾಲಕ), ಒಬ್ಬ ಇಎಂಟಿ (ತುರ್ತು ಚಿಕಿತ್ಸೆಯ ತರಬೇತಿ ಪಡೆದವರು). ಬರುವ ಕೇಸುಗಳು ಹೆಚ್ಚಾಗಿ ಎರಡು ಬಗೆ. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಅಥವಾ ಅಡಿಕೆ ಮರದಿಂದ ಬಿದ್ದವರು, ಇಲ್ಲವೇ 75ನೇ ಹೆದ್ದಾರಿಯ ಬೈಕು-ಕಾರು ಅಪಘಾತದವರು. ಹಾಸನಕ್ಕೆ ಸುಮಾರು ಒಂದು ಗಂಟೆ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಮೂರು ಗಂಟೆ ಹಿಡಿಯುತ್ತದೆ.

ಈಗ ಇರುವುದು ಪ್ಲೈವುಡ್ ಬೋರ್ಡ್ ಒಂದು, ಸ್ಪಂಜಿನ ಕುತ್ತಿಗೆ ಪಟ್ಟಿ ನಾಲ್ಕು. ಮಾರುವವರು ಪ್ಲಾಸ್ಟಿಕ್ ಸ್ಪೈನ್ ಬೋರ್ಡ್ ಎರಡು ತಗೊಂಡರೆ ಸಾಕು ಅನ್ನುತ್ತಾರೆ. ಎಲ್ಲವನ್ನೂ ಒಂದೇ ಸಲ ಕೊಳ್ಳುವಷ್ಟು ದುಡ್ಡಿಲ್ಲ. ಯಾವ ಕ್ರಮದಲ್ಲಿ ಕೊಳ್ಳಬೇಕು, ಏನು ನೋಡಿ ಕೊಳ್ಳಬೇಕು, ಬಲ್ಲವರು ತಿಳಿಸಿ.

ತುರ್ತು ಘಟಕದ ಡಾಕ್ಟರ್

ಎರಡು ಬೋರ್ಡ್ ಬೇಡ ಸರ್. ಇಲ್ಲಿ ಕೆಲಸ ಮೂರು ಇವೆ, ಮೂರಕ್ಕೂ ಸಾಮಾನು ಬೇರೆ. ಸಿಕ್ಕಿಬಿದ್ದವರನ್ನು ಹೊರಗೆ ಎಳೆಯಲು ಬೋರ್ಡ್, ಅಂದರೆ ಉದ್ದದ ಗಟ್ಟಿ ಹಲಗೆ. ನೆಲದ ಮೇಲೆ ಬಿದ್ದವರನ್ನು ಎತ್ತಲು ಸ್ಕೂಪ್, ಅಂದರೆ ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿ ಎರಡು ಪಕ್ಕದಿಂದ ಮೈ ಕೆಳಗೆ ಸರಿಸುವ ಸ್ಟ್ರೆಚರ್. ಗಂಟೆಗಟ್ಟಲೆ ಸಾಗಿಸಲು, ಗಾಳಿ ತೆಗೆದರೆ ಮೈಯ ಆಕಾರಕ್ಕೆ ಗಟ್ಟಿಯಾಗುವ ವ್ಯಾಕ್ಯೂಮ್ ಮ್ಯಾಟ್ರೆಸ್, ಅದಿಲ್ಲದಿದ್ದರೆ ಗಾಡಿಯ ಸ್ಟ್ರೆಚರಿನ ಹಾಸಿಗೆಯೇ. ನಮ್ಮ ಕಡೆ ಬೋರ್ಡ್ ಒಂದನ್ನೇ ಮೂರಕ್ಕೂ ಬಳಸುತ್ತಾರೆ. ಸ್ಪಾಟಿನಲ್ಲಿ ಕಟ್ಟಿದ ಪೇಶೆಂಟ್ ಮೂರು ಗಂಟೆಯಾದ ಮೇಲೂ ಅದೇ ಗಟ್ಟಿ ಹಲಗೆಯ ಮೇಲೆ ಕ್ಯಾಶುವಾಲ್ಟಿಗೆ ಬರುತ್ತಾರೆ. ಬೆನ್ನಿನ ಬಾಗು ಹಲಗೆಗೆ ಕೂರುವುದಿಲ್ಲ, ಭಾರವೆಲ್ಲ ತಲೆಯ ಹಿಂಭಾಗ, ಭುಜದ ಎಲುಬು, ತ್ರಿಕಾಸ್ಥಿ (ಸೊಂಟದ ಹಿಂದಿನ ಎಲುಬು), ಹಿಮ್ಮಡಿ ಇಷ್ಟರ ಮೇಲೇ ಬೀಳುತ್ತದೆ. ಇಲ್ಲದ ಬೆನ್ನುನೋವೂ ಹುಟ್ಟಿಕೊಳ್ಳುತ್ತದೆ, ನಾವು ಮುಟ್ಟಿ ನೋಡುವಾಗ ಯಾವುದು ಪೆಟ್ಟಿನ ನೋವು, ಯಾವುದು ಹಲಗೆಯ ನೋವು ಎಂದೇ ತಿಳಿಯುವುದಿಲ್ಲ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. 1998ರಲ್ಲಿ ಬಂದ ಒಂದು ಅಧ್ಯಯನ ಮಲೇಷ್ಯಾದ ಆಸ್ಪತ್ರೆಗೆ ಏನೂ ಕಟ್ಟದೆ ಬಂದ 120 ಮಂದಿಯನ್ನು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಕಟ್ಟಿ ತಂದ 334 ಮಂದಿಯ ಜೊತೆ ಹೋಲಿಸಿತು. ಕಟ್ಟಿ ತಂದವರಲ್ಲಿ ನರದ ಊನ ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಎರಡು ದೇಶದ ಪೇಶೆಂಟುಗಳು ಒಂದೇ ಬಗೆಯವರಲ್ಲ, ಹಾಗಾಗಿ ಅದೊಂದರಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೆ ಆಮೇಲಿನ ಯೋಚನೆಯ ದಿಕ್ಕು ಬದಲಾಯಿತು. 2018ರಲ್ಲಿ ಅಮೆರಿಕದ ಸರ್ಜನ್ನರ, ತುರ್ತು ವೈದ್ಯರ ಸಂಘಗಳು ಸೇರಿ ಕೊಟ್ಟ ಹೇಳಿಕೆಯಲ್ಲಿ ಬೋರ್ಡಿನ ಜೊತೆ ಸ್ಕೂಪ್, ವ್ಯಾಕ್ಯೂಮ್, ಗಾಡಿಯ ಸ್ಟ್ರೆಚರ್ ಎಲ್ಲವನ್ನೂ ಒಪ್ಪಿದ್ದಾರೆ. ಗುರಿ ಪೂರ್ತಿ ಅಲುಗದಂತೆ ಮಾಡುವುದಲ್ಲ, ಅಲುಗಾಟವನ್ನು ಕಡಿಮೆ ಮಾಡುವುದು.

ನಿಮ್ಮ ಕೇಸುಗಳಿಗೆ ಮೊದಲ ದುಡ್ಡು ಸ್ಕೂಪಿಗೆ, ಎರಡನೆಯದು ವ್ಯಾಕ್ಯೂಮ್ ಮ್ಯಾಟ್ರೆಸ್ಸಿಗೆ. ಬೋರ್ಡ್ ಒಂದಿರಲಿ. ಪ್ಲೈವುಡ್ಡನ್ನು ಇವತ್ತೇ ಇಳಿಸಿ, ಮರ ರಕ್ತ ಕುಡಿಯುತ್ತದೆ, ಎಷ್ಟು ತೊಳೆದರೂ ಶುದ್ಧವಾಗುವುದಿಲ್ಲ.

ಇಎಂಟಿ ತರಬೇತಿ

ಡಾಕ್ಟರ್ ಹೇಳಿದ ಕ್ರಮಕ್ಕೆ ಇನ್ನೊಂದು ಬಲವಾದ ಕಾರಣ ಇದೆ: ಗಾಡಿಯಲ್ಲಿ ಇಬ್ಬರೇ ಇರುವುದು. ಬೋರ್ಡಿಗೆ ಹಾಕಲು ಪೇಶೆಂಟನ್ನು ಪಕ್ಕಕ್ಕೆ ಹೊರಳಿಸಬೇಕು. ಸರಿಯಾಗಿ ಮಾಡಲು ತಲೆಗೆ ಒಬ್ಬರು, ಮೈಗೆ ಮೂವರು, ಬೋರ್ಡ್ ಸರಿಸಲು ಒಬ್ಬರು, ಅಂದರೆ ಐವರು ಬೇಕು. ತೋಟದಲ್ಲಿ ಸಿಗುವ ಸಹಾಯದವರಿಗೆ ಲಯ ಗೊತ್ತಿರುವುದಿಲ್ಲ. ಭುಜ ಮೊದಲು ತಿರುಗುತ್ತದೆ, ಸೊಂಟ ಆಮೇಲೆ ತಿರುಗುತ್ತದೆ. ಮರದಿಂದ ಬಿದ್ದವರಲ್ಲಿ ಎದೆಯ ಬೆನ್ನು ಮುಗಿದು ಸೊಂಟದ ಬೆನ್ನು ಶುರುವಾಗುವ ಕಡೆಯೇ ಮೂಳೆ ಒಡೆಯುವುದು ಹೆಚ್ಚು, ತಿರುಚು ಬೀಳುವುದೂ ಸರಿಯಾಗಿ ಅಲ್ಲೇ. ಜೊತೆಗೆ ಪೆಲ್ವಿಸ್ (ಸೊಂಟದ ಕೆಳಗಿನ ಬಳೆಯಂಥ ಮೂಳೆ) ಮುರಿದಿದ್ದರೆ ಹೊರಳಿಸಿದಾಗ ಹೆಪ್ಪುಗಟ್ಟಿದ ರಕ್ತ ಕದಲಿ ಮತ್ತೆ ಒಳಗೆ ಸುರಿಯಲು ಶುರುವಾಗುತ್ತದೆ. ಸ್ಕೂಪಿಗೆ ಹತ್ತು ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು.

ಸ್ಕೂಪ್ ಹಾಕುವ ಕ್ರಮ:

ಪೇಶೆಂಟಿನ ಪಕ್ಕದಲ್ಲೇ ನೆಲದ ಮೇಲಿಟ್ಟು ಉದ್ದ ಹೊಂದಿಸಿ. ತಲೆ ಪೂರ್ತಿ ಮೇಲಿನ ತಟ್ಟೆಯ ಮೇಲೆ ಬರಬೇಕು, ಹಿಮ್ಮಡಿ ಹೊರಗೆ ನೇತಾಡಬಾರದು. ಉದ್ದದ ಲಾಕ್ ಎರಡೂ ಕಡೆ ಒಂದೇ ತೂತಿಗೆ ಕೂತಿದೆಯೇ ನೋಡಿ. ಒಂದು ಕಡೆ ಒಂದು ತೂತು ಹೆಚ್ಚುಕಡಿಮೆಯಾದರೆ ಕೊನೆಯಲ್ಲಿ ಬೀಗವೇ ಸೇರುವುದಿಲ್ಲ, ಕೆಲವರು ಅದನ್ನು ಗುದ್ದಿ ಸೇರಿಸಲು ಹೋಗುತ್ತಾರೆ. ಆಮೇಲೆ ಎರಡು ತುದಿಯ ಬೀಗ ಬಿಚ್ಚಿ ಎರಡು ಹೋಳನ್ನು ಎರಡು ಪಕ್ಕದಲ್ಲಿಡಿ. ಇಎಂಟಿ ತಲೆ ಹಿಡಿದಿರಬೇಕು, ಎತ್ತಿ, ಸರಿಸಿ ಎಂದು ಹೇಳುವವರೂ ಅವರೇ. ಪೈಲಟ್ ಒಂದು ಪಕ್ಕದ ಭುಜ ಮತ್ತು ಸೊಂಟದ ಬಟ್ಟೆ ಹಿಡಿದು ಸ್ವಲ್ಪವೇ ಎತ್ತಲಿ, ಊರಿನವರೊಬ್ಬರು ಹೋಳನ್ನು ಒಳಕ್ಕೆ ಸರಿಸಲಿ. ಇನ್ನೊಂದು ಪಕ್ಕಕ್ಕೂ ಹಾಗೆಯೇ. ತಲೆಯ ಕಡೆಯ ಬೀಗ ಮೊದಲು, ಕಾಲಿನ ಕಡೆಯದು ಆಮೇಲೆ. ಎತ್ತುವ ಮುಂಚೆ ಎರಡು ತುದಿಯನ್ನೂ ಬಿಡಿಸುವಂತೆ ಹೊರಕ್ಕೆ ಎಳೆದು ನೋಡಿ.

ಕೆಡುವುದು ಎಲ್ಲಿ ಗೊತ್ತೇ? ಹೋಳುಗಳು ಸೇರುವ ನಡುವಿನ ಸಂದಿನಲ್ಲಿ ಲುಂಗಿ, ಕೂದಲು, ಬೆನ್ನಿನ ಚರ್ಮ ಸಿಕ್ಕಿಕೊಳ್ಳುತ್ತವೆ. ಕೈ ಹಾಕಿ ಸವರಿ ನೋಡಿಯೇ ಸೇರಿಸಬೇಕು. ಮಳೆಗಾಲದ ತೋಟದ ಕೆಸರು ಬೀಗದೊಳಗೆ ಸೇರಿದರೆ ಅದು ಅರ್ಧ ಕೂತು ಕೂತಂತೆ ಕಾಣಿಸುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಪ್ರತಿ ಸಲ ತೊಳೆದು, ಒರೆಸಿ, ಬೀಗ ಹತ್ತು ಸಲ ಹಾಕಿ ತೆಗೆದು ನೋಡಿ ಇಡಿ. ಸ್ಪ್ರಿಂಗ್ ಸಡಿಲವಾದರೆ ಆ ಭಾಗ ಬದಲಾಗುವ ತನಕ ಸ್ಕೂಪನ್ನು ಗಾಡಿಗೆ ಹತ್ತಿಸಬೇಡಿ.

ಬಯೋಮೆಡಿಕಲ್ ಬೆಂಚು

ಕೊಳ್ಳುವಾಗ: ಅಲ್ಯೂಮಿನಿಯಂ ಸ್ಕೂಪ್ ಸುಮಾರು 8 ಕೆಜಿ, 159 ಕೆಜಿ ತನಕ ಹೊರುತ್ತದೆ, ಉದ್ದ 165ರಿಂದ 200 ಸೆಂ.ಮೀ. ತನಕ ಹೊಂದಿಸಬಹುದು. ಮಡಚುವ ಮಾದರಿ ಸುಮಾರು 120 ಸೆಂ.ಮೀ.ಗೆ ಬರುತ್ತದೆ, ಟ್ರಾವೆಲರಿನ ಸೀಟಿನ ಕೆಳಗೋ ಪಕ್ಕದ ಗೋಡೆಗೋ ಇಡಲು ಅದೇ ಅನುಕೂಲ. ಪಾಲಿಮರ್ ತಟ್ಟೆಯದು ದುಬಾರಿ, ಆದರೆ ಮಲೆನಾಡಿನ ಚಳಿಯಲ್ಲಿ ಮೈಗೆ ಲೋಹ ತಾಗುವುದಿಲ್ಲ, ಎಕ್ಸ್-ರೇಯಲ್ಲೂ ನೆರಳು ಕಡಿಮೆ. ದುಡ್ಡು ಎಳೆದಾಡುವ ಸ್ಥಿತಿಯಲ್ಲಿ ಅಲ್ಯೂಮಿನಿಯಂ ಸಾಕು, ಉಳಿದದ್ದನ್ನು ಮ್ಯಾಟ್ರೆಸ್ಸಿಗೆ ಹಾಕಿ.

ಒಂದು ಎಚ್ಚರ. ರಕ್ತ ಬಿದ್ದ ಜಾಗಕ್ಕೆ 1% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಹಾಕಿ ಹತ್ತು ನಿಮಿಷ ಬಿಡುವ ಅಭ್ಯಾಸ ಎಲ್ಲ ಕಡೆ ಇದೆ. ಪ್ಲಾಸ್ಟಿಕ್ ಬೋರ್ಡಿಗೆ ಅದು ಸರಿ. ಅಲ್ಯೂಮಿನಿಯಮ್ಮನ್ನು ಅದು ತಿನ್ನುತ್ತದೆ, ಮೊದಲು ಹಾಳಾಗುವುದು ಬೀಗದ ಪಿನ್ನು. ಹಾಕಲೇಬೇಕಾದರೆ ಆದ ಕೂಡಲೇ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ.

ಬೋರ್ಡ್ ಕೊಳ್ಳುವಾಗ ಸುಮಾರು 183 ಸೆಂ.ಮೀ. ಉದ್ದ, 40ರಿಂದ 45 ಸೆಂ.ಮೀ. ಅಗಲ, 6ರಿಂದ 8 ಕೆಜಿ ತೂಕದ್ದು ನೋಡಿ. ನೆಲದ ಮೇಲಿಟ್ಟು ದಪ್ಪ ಕೈಗವಸು ಹಾಕಿದ ಬೆರಳು ಹಿಡಿಕೆಯೊಳಗೆ ಸಲೀಸಾಗಿ ಹೋಗುತ್ತದೆಯೇ ಪರೀಕ್ಷಿಸಿ. ಹೋಗದಿದ್ದರೆ ಬೇಡ. ಸ್ಟ್ರಾಪ್ ಸಿಕ್ಕಿಸುವ ಪಿನ್ನು ಅಂಗಡಿಯವರು ಕೊಡುವ ಕ್ಲಿಪ್ಪಿಗೆ ಹೊಂದುತ್ತದೆಯೇ ಎಂದು ಅಲ್ಲೇ ಹಾಕಿ ನೋಡಿ. ಹೊರುವ ತೂಕ ಬೋರ್ಡಿನ ಮೇಲೇ ಅಚ್ಚಾಗಿರಬೇಕು. ನಮ್ಮ ದೇಶದ ಆಂಬುಲೆನ್ಸ್ ಮಾನದಂಡ ಎಐಎಸ್-125 ಗಾಡಿಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ ಮಾಡುತ್ತದೆ. ನಿಮ್ಮದು ಯಾವುದಾಗಿ ನೋಂದಣಿಯಾಗಿದೆಯೋ ಅದರ ಸಾಮಾನು ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ, ಆಡಿಟ್ಟಿನಲ್ಲಿ ಕೇಳುತ್ತಾರೆ.

ಹೆದ್ದಾರಿ 108

ಎಲ್ಲರೂ ಬೋರ್ಡನ್ನು ತೆಗಳುತ್ತಿದ್ದೀರಿ, ಸ್ವಲ್ಪ ತಡೆಯಿರಿ. ಕಾರು ಚರಂಡಿಗೆ ಮಗುಚಿದಾಗ, ಬಾವಿಯಿಂದ ಎತ್ತುವಾಗ, ಕಾಫಿ ತೋಟದ ಇಳಿಜಾರಿನಲ್ಲಿ ಎಳೆಯಬೇಕಾದಾಗ ಸ್ಕೂಪ್ ಏನೂ ಮಾಡಲಾರದು. ಜಾರಿಸಿ ಎಳೆಯಲು ಬೋರ್ಡೇ ಬೇಕು. ಎದೆ ಒತ್ತಬೇಕಾಗಿ ಬಂದರೂ ಬೋರ್ಡೇ ಗಟ್ಟಿ ನೆಲೆ. ಕೊನೆಯ ಸಾಲಿಗೆ ತಳ್ಳಬೇಡಿ.

ಕೂತವರ ತಲೆ, ಬೆನ್ನಿಗೆ ಸುತ್ತಿ ಕಟ್ಟುವ ಕೆಇಡಿ ಜಾಕೆಟ್ ಬಗ್ಗೆ ಯಾರೂ ಹೇಳಲಿಲ್ಲ. ಕೂತಲ್ಲೇ ಸಿಕ್ಕಿಕೊಂಡವರಿಗೆ ಅದು ಬೇಡವೇ?

ತುರ್ತು ಘಟಕದ ಡಾಕ್ಟರ್

ಬೋರ್ಡ್ ಬೇಡ ಎಂದಿಲ್ಲ ಸರ್, ಬೋರ್ಡಿನ ಮೇಲೆ ಪ್ರಯಾಣ ಬೇಡ ಎಂದೆ. ಎಳೆದು ತಂದ ಮೇಲೆ ಅದರಿಂದ ಇಳಿಸಿ. ಇಳಿಸಲು ಮತ್ತೆ ಹೊರಳಿಸಬೇಕಾಗುತ್ತದೆ ಎನ್ನುವುದಾದರೆ ಅದಕ್ಕೂ ಸ್ಕೂಪೇ ಉತ್ತರ, ಬೋರ್ಡಿನ ಮೇಲಿಂದಲೇ ಸ್ಕೂಪಿನಲ್ಲಿ ಎತ್ತಿ ಮ್ಯಾಟ್ರೆಸ್ಸಿಗೆ ಹಾಕಬಹುದು. ಹಾಸನದ ತನಕ ಒಂದು ಗಂಟೆಗೂ ನಾನು ಇದನ್ನೇ ಹೇಳುತ್ತೇನೆ.

ಕೆಇಡಿ ಬಗ್ಗೆ ತರಬೇತಿಯವರು ಹೇಳಲಿ.

ಇಎಂಟಿ ತರಬೇತಿ

ಕೆಇಡಿ ಈಗ ಮೊದಲ ಆಯ್ಕೆಯಲ್ಲ. ಎಚ್ಚರ ಇದ್ದು, ಕೈಕಾಲು ಆಡುತ್ತಿದ್ದು, ಸಿಕ್ಕಿಕೊಳ್ಳದೆ ಕೂತಿರುವವರು ತಾವೇ ನಿಧಾನವಾಗಿ ಇಳಿದರೆ ಕುತ್ತಿಗೆ ಅಲುಗುವುದು ಕಡಿಮೆ, ನಾವು ನಾಲ್ಕು ಜನ ಎಳೆದರೆ ಹೆಚ್ಚು ಎಂದು ಬ್ರಿಟನ್ನಿನ ಪ್ರಯೋಗಗಳು ತೋರಿಸಿವೆ. ನೋವಾದ ಕಡೆ ಸ್ನಾಯು ತಾನೇ ಬಿಗಿಹಿಡಿಯುತ್ತದೆ. "ಅಣ್ಣಾ, ಕತ್ತು ತಿರುಗಿಸಬೇಡಿ, ಎದುರಿಗೇ ನೋಡಿ, ಒಂದು ಕಾಲು ಕೆಳಗಿಡಿ, ನೋವು ಹೆಚ್ಚಾದರೆ ಅಲ್ಲೇ ನಿಲ್ಲಿ" ಎಂದು ಒಂದೊಂದೇ ಹೆಜ್ಜೆ ಹೇಳುತ್ತ ಬಾಗಿಲ ಪಕ್ಕದಲ್ಲೇ ಇಟ್ಟ ಸ್ಟ್ರೆಚರಿಗೆ ಕೂರಿಸಿ ಮಲಗಿಸಿ. ಕುಸಿಯುತ್ತಿರುವವರನ್ನಾದರೆ ಬೋರ್ಡಿನ ಮೇಲೆ ಬೇಗ ಎಳೆಯಿರಿ, ಜಾಕೆಟ್ ಕಟ್ಟುತ್ತ ಹೊತ್ತು ಕಳೆಯುವಂತಿಲ್ಲ.

ನಡುವಿನ ಕೆಲವು ಕೇಸಿಗೆ ಮಾತ್ರ ಕೆಇಡಿ. ಪಟ್ಟಿಗಳ ಕ್ರಮ: ಎದೆಯ ನಡುವಿನ ಹಳದಿ, ಕೆಳಗಿನ ಕೆಂಪು, ಕಾಲಿನವು, ತಲೆ, ಕೊನೆಗೆ ಮೇಲಿನ ಹಸಿರು. ಹಸಿರನ್ನು ಮೊದಲೇ ಬಿಗಿದರೆ ಉಸಿರು ಕಟ್ಟುತ್ತದೆ. ಮಲಗಿಸಿದ ಕೂಡಲೇ ಕಾಲಿನ ಪಟ್ಟಿ ಬಿಚ್ಚಬೇಕು, ಇಲ್ಲವಾದರೆ ಕಾಲು ನೀಡಿದಾಗ ಇಡೀ ಜಾಕೆಟ್ ಕೆಳಕ್ಕೆ ಎಳೆಯುತ್ತದೆ. ತೊಡೆಮೂಳೆ ಮುರಿದಿದ್ದರೆ ಕಾಲಿನ ಪಟ್ಟಿ ಬೇಡವೇ ಬೇಡ. ನಿಮ್ಮ ಪಟ್ಟಿಯಲ್ಲಿ ಇದನ್ನು ಕೊನೆಗಿಡಿ.

ಹೇಮಾವತಿ ದಡ

ತುಂಬಾ ಉಪಕಾರ. ಕುತ್ತಿಗೆ ಪಟ್ಟಿ ಯಾವುದು ಕೊಳ್ಳಲಿ? ಅದು ಬೇಡವೇ ಬೇಡ ಅನ್ನುವವರೂ ಇದ್ದಾರಲ್ಲ.

ಟ್ರಾಮಾ ನರ್ಸ್

ಸ್ಪಂಜಿನದನ್ನು ಗಾಡಿಯಿಂದ ತೆಗೆಯಿರಿ ಸರ್. ಅದು ಕತ್ತನ್ನು ಹಿಡಿಯುವುದಿಲ್ಲ, ಹಿಡಿದಿದೆ ಎಂಬ ಧೈರ್ಯ ಮಾತ್ರ ಕೊಡುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ, ನಾಲ್ಕು ಅಳತೆಗೆ ಹೊಂದಿಸಬಹುದಾದ ದೊಡ್ಡವರ ಕಾಲರ್ ನಾಲ್ಕು, ಮಕ್ಕಳದು ಎರಡು ಇರಲಿ. ಅಳತೆ ಹೀಗೆ: ಪೇಶೆಂಟ್ ಎದುರಿಗೆ ನೋಡುತ್ತಿರುವಾಗ ಗದ್ದದ ಕೆಳಗಿನ ಗೆರೆಯಿಂದ ಭುಜದ ಮೇಲಂಚಿನ ತನಕ ನಿಮ್ಮ ಬೆರಳು ಎಷ್ಟು ಹಿಡಿಯುತ್ತವೆ ಎಂದು ನೋಡಿ. ಅಷ್ಟೇ ಬೆರಳು ಕಾಲರಿನ ಗುರುತಿನ ಗುಂಡಿಯಿಂದ ಗಟ್ಟಿ ಪ್ಲಾಸ್ಟಿಕ್ಕಿನ ಕೆಳಅಂಚಿಗೆ ಬರಬೇಕು. ಕೆಳಗಿನ ಸ್ಪಂಜಿನ ಅಂಚನ್ನು ಲೆಕ್ಕಕ್ಕೆ ಹಿಡಿಯಬಾರದು, ಎಲ್ಲರೂ ತಪ್ಪುವುದು ಅಲ್ಲೇ. ಎತ್ತರ ಹೆಚ್ಚಾದರೆ ಕತ್ತು ಹಿಂದಕ್ಕೆ ಬಾಗಿ ಎಳೆಯುತ್ತದೆ. ಕಡಿಮೆಯಾದರೆ ಗದ್ದ ಒಳಗೆ ಜಾರಿ ಬಾಯಿ ಮುಚ್ಚುತ್ತದೆ. ಹಾಕುವ ಮುಂಚೆ ತಾಳಿ, ಸರ, ಓಲೆ ತೆಗೆದು ಮನೆಯವರ ಕೈಗೆ ಕೊಟ್ಟು ಬರೆದಿಡಿ.

ತುರ್ತು ಘಟಕದ ಡಾಕ್ಟರ್

ಬೇಡ ಎನ್ನುವವರ ಮಾತಿಗೂ ಆಧಾರ ಇದೆ. ಕಾಲರ್ ಕತ್ತಿನ ರಕ್ತನಾಳವನ್ನು ಒತ್ತಿ ತಲೆಯೊಳಗಿನ ಒತ್ತಡ ಏರಿಸುತ್ತದೆ, ಬಾಯಿ ಪೂರ್ತಿ ತೆರೆಯಲು ಬಿಡುವುದಿಲ್ಲ, ವಾಂತಿ ಬಂದರೆ ಅಪಾಯ. 2015ರ ಅಂತರರಾಷ್ಟ್ರೀಯ ಪ್ರಥಮ ಚಿಕಿತ್ಸೆ ಮಾರ್ಗಸೂಚಿ ಸಾಮಾನ್ಯ ಪ್ರಥಮ ಚಿಕಿತ್ಸಕರು ಕಾಲರನ್ನು ವಾಡಿಕೆಯಾಗಿ ಹಾಕಬಾರದು ಎಂದಿತು. 2019ರ ಡೆನ್ಮಾರ್ಕಿನ ಮಾರ್ಗಸೂಚಿ ಸ್ಥಿರವಾಗಿರುವ ಪೇಶೆಂಟಿಗೆ ಗಟ್ಟಿ ಕಾಲರ್, ಗಟ್ಟಿ ಬೋರ್ಡ್ ಎರಡರ ವಿರುದ್ಧವೂ, ವ್ಯಾಕ್ಯೂಮ್ ಮ್ಯಾಟ್ರೆಸ್ಸಿನ ಪರವಾಗಿಯೂ ಹೇಳಿತು. ಅಮೆರಿಕದ 2018ರ ಹೇಳಿಕೆ ಕಾಲರನ್ನು ಉಳಿಸಿಕೊಂಡಿದೆ. ನಿಮ್ಮ ಮೇಲ್ವಿಚಾರಕ ವೈದ್ಯರು ಯಾವುದನ್ನು ಬರೆದುಕೊಡುತ್ತಾರೋ ಅದನ್ನು ಪಾಲಿಸಿ. ತಲೆಗೆ ದೊಡ್ಡ ಪೆಟ್ಟಾಗಿ ಎಚ್ಚರ ತಪ್ಪಿದವರಿಗೆ ಕಾಲರ್ ಸಡಿಲಿಸಿ, ತಲೆ ಅಲುಗದಂತೆ ಎರಡು ಪಕ್ಕ ಹೆಡ್ ಬ್ಲಾಕ್ ಇಟ್ಟು, ಹಾಸಿಗೆಯನ್ನು ಮಡಚದೆ ತಲೆಯ ಕಡೆಯನ್ನೇ ಓರೆಯಾಗಿ ಎತ್ತುವುದು ನನ್ನ ಆಯ್ಕೆ.

ಚೂರಿ, ಗುಂಡು, ಕತ್ತಿಯ ಇರಿತ ಮಾತ್ರ ಆಗಿದ್ದರೆ ಏನನ್ನೂ ಕಟ್ಟದೆ ಹೊರಡಿ. ಅಲ್ಲಿ ಕಟ್ಟುವುದರಿಂದ ಸಾವೇ ಹೆಚ್ಚುತ್ತದೆ.

ಬಯೋಮೆಡಿಕಲ್ ಬೆಂಚು

ವ್ಯಾಕ್ಯೂಮ್ ಮ್ಯಾಟ್ರೆಸ್ ಬಗ್ಗೆ ಬಿಡಿಸಿ ಹೇಳುತ್ತೇನೆ, ಕೊಂಡು ಮೂಲೆಗೆ ಹಾಕುವ ಸಾಮಾನು ಅದೇ. ಒಳಗೆ ಥರ್ಮಾಕೋಲ್ ಕಾಳು ಇರುತ್ತದೆ. ಗಾಳಿ ತೆಗೆದರೆ ಕಾಳು ಒಂದಕ್ಕೊಂದು ಒತ್ತಿಕೊಂಡು ಮೈಯ ಆಕಾರಕ್ಕೇ ಗಟ್ಟಿಯಾಗುತ್ತದೆ. ಉದ್ದ ಎರಡು ಮೀಟರ್ ಆಸುಪಾಸು ಇರಲಿ, ಹಿಡಿಕೆ ಎಂಟು. ಪಂಪು ಕೈಯದೋ ಕಾಲಿನದೋ ಜೊತೆಗೇ ಬರಬೇಕು. ಬಾಯಿಯ ವಾಂತಿ, ರಕ್ತ ಹೀರಿ ತೆಗೆಯುವ ಆಂಬುಲೆನ್ಸಿನ ಸಕ್ಷನ್ ಯಂತ್ರಕ್ಕೆ ಜೋಡಿಸಬಹುದು ಎಂದು ಪಂಪಿಲ್ಲದೆ ಕೊಡುವವರಿದ್ದಾರೆ, ಒಪ್ಪಬೇಡಿ. ಗಾಳಿ ತೆಗೆಯುತ್ತಿರುವಾಗಲೇ ಪೇಶೆಂಟ್ ವಾಂತಿ ಮಾಡಿದರೆ ಸಕ್ಷನ್ ಎಲ್ಲಿಂದ ತರುತ್ತೀರಿ? ತೇಪೆ ಕಿಟ್ಟು, ಬದಲಿ ವಾಲ್ವ್ ಎರಡನ್ನೂ ಕೊಳ್ಳುವಾಗಲೇ ಬಿಲ್ಲಿಗೆ ಸೇರಿಸಿ.

ಬಳಸುವಾಗ ಸ್ಟ್ರೆಚರಿನ ಮೇಲೆ ಹಾಸಿ ಕಾಳನ್ನು ಕೈಯಲ್ಲಿ ಸಮ ಮಾಡಿ, ಮೇಲೆ ಒಂದು ಬೆಡ್‌ಶೀಟ್. ಸ್ಕೂಪ್ ಸಮೇತ ಪೇಶೆಂಟನ್ನು ಇಳಿಸಿ, ಬೀಗ ಬಿಚ್ಚಿ, ಹೋಳುಗಳನ್ನು ಪಕ್ಕಕ್ಕೆ ಎಳೆದುಕೊಳ್ಳಿ. ಅರ್ಧ ಗಾಳಿ ತೆಗೆದು ಪಕ್ಕಗಳನ್ನು ಮೈಗೂ ತಲೆಯ ಎರಡು ಬದಿಗೂ ಒತ್ತಿ ಹಿಡಿಯಿರಿ. ನೆತ್ತಿಯ ಮೇಲ್ಗಡೆ ಮಾತ್ರ ಮೂರು ನಾಲ್ಕು ಬೆರಳಿನಷ್ಟು ಜಾಗ ಬಿಡಬೇಕು. ಗಾಳಿ ಹೋದಂತೆ ಮ್ಯಾಟ್ರೆಸ್ ಉದ್ದದಲ್ಲೂ ಕುಗ್ಗುತ್ತದೆ, ಜಾಗ ಬಿಡದಿದ್ದರೆ ನೆತ್ತಿಯನ್ನು ಒತ್ತಿ ಕುತ್ತಿಗೆಯ ಮೇಲೆ ಭಾರ ಹಾಕುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ವಾಲ್ವ್ ಮುಚ್ಚಿ, ಸ್ಟ್ರಾಪುಗಳನ್ನು ಇನ್ನೊಮ್ಮೆ ಬಿಗಿಯಿರಿ, ಕುಗ್ಗಿದ್ದರಿಂದ ಅವು ಸಡಿಲವಾಗಿರುತ್ತವೆ.

ಘಟ್ಟದ ವಿಷಯ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಮೇಲೆ ಗಟ್ಟಿ ಮಾಡಿ ಇಳಿದರೆ ಇನ್ನೂ ಗಟ್ಟಿಯಾಗುತ್ತದೆ, ತೊಂದರೆಯಿಲ್ಲ. ಕೆಳಗೆ ಗಟ್ಟಿ ಮಾಡಿ ಹತ್ತಿದರೆ ಮೆತ್ತಗಾಗುತ್ತದೆ. ಘಟ್ಟದ ಬುಡದ ಗುಂಡ್ಯದಲ್ಲಿ ಹತ್ತಿಸಿಕೊಂಡು ಹಾಸನಕ್ಕೆ ಹೊರಟರೆ ಮೇಲೆ ಬಂದ ಮೇಲೆ ಹೆಬ್ಬೆರಳಲ್ಲಿ ಒತ್ತಿ ನೋಡಿ, ತಗ್ಗು ಬಿದ್ದರೆ ಮತ್ತೆ ಪಂಪ್ ಮಾಡಿ.

ತಿಂಗಳಿಗೊಮ್ಮೆ ಗಾಳಿ ತೆಗೆದು ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಒತ್ತಿ ನೋಡಿ. ಮೆತ್ತಗಾಗಿದ್ದರೆ ಸ್ವಲ್ಪ ಗಾಳಿ ತುಂಬಿ ಸೋಪಿನ ನೀರು ಸವರಿ, ಗುಳ್ಳೆ ಎದ್ದ ಕಡೆ ತೂತಿದೆ. ತೋಟದಲ್ಲಿ ನೆಲಕ್ಕೆ ಹಾಸಲೇಬೇಡಿ, ಕಾಫಿ ಬುಡದ ಕೂಳೆ ಒಂದು ಸಾಕು ತೂತು ಬೀಳಲು.

ಹೆದ್ದಾರಿ 108

ಇಬ್ಬರು ಮೂವರು ಅದರ ಹಿಡಿಕೆ ಹಿಡಿದು ಎತ್ತಿದರೆ ನಡುವೆ ಬಾಗುತ್ತದೆ ಎಂಬುದನ್ನೂ ಬರೆಯಿರಿ. ಹೊತ್ತು ನಡೆಯುವುದಿದ್ದರೆ ಕೆಳಗೆ ಸ್ಕೂಪೋ ಬೋರ್ಡೋ ಇರಬೇಕು.

ಸ್ಟ್ರಾಪಿನ ಬಗ್ಗೆ ನಾನು ಹೇಳುತ್ತೇನೆ. ಗಾಡಿಯಲ್ಲಿ ಪೇಶೆಂಟಿನ ತಲೆ ಪೈಲಟ್ ಕಡೆಗೆ ಇರುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದ ಪ್ರತಿ ಸಲ ಇಡೀ ಮೈ ತಲೆಯ ಕಡೆಗೆ ಜಾರುತ್ತದೆ. ತಲೆ ಬ್ಲಾಕಿನಲ್ಲಿ ಬಿಗಿದು, ಎದೆಯ ಮೇಲೆ ಅಡ್ಡ ಸ್ಟ್ರಾಪ್ ಮಾತ್ರ ಇದ್ದರೆ ಆ ಭಾರವೆಲ್ಲ ಕುತ್ತಿಗೆಗೆ. ಭುಜದ ಮೇಲಿಂದ ಬಂದು ಎದೆಯಲ್ಲಿ ಅಡ್ಡ ಹಾಯುವ ಎರಡು ಸ್ಟ್ರಾಪ್ ಇರಲೇಬೇಕು. ಸೊಂಟದ್ದು ಪೆಲ್ವಿಸ್ ಮೂಳೆಯ ಮೇಲೆ ಕೂರಲಿ, ಹೊಟ್ಟೆಯ ಮೇಲಲ್ಲ. ಇನ್ನೊಂದು ತೊಡೆಗೆ, ಮತ್ತೊಂದು ಮೊಣಕಾಲಿನ ಕೆಳಗೆ. ಕಟ್ಟುವಾಗ ಮೈ ಮೊದಲು, ತಲೆ ಕೊನೆಗೆ. ಬಿಚ್ಚುವಾಗ ತಲೆ ಮೊದಲು. ಮ್ಯಾಟ್ರೆಸ್ಸನ್ನೂ ಸ್ಟ್ರೆಚರಿಗೆ ಬೇರೆ ಸ್ಟ್ರಾಪಿನಲ್ಲಿ ಕಟ್ಟಬೇಕು. ಪೇಶೆಂಟ್ ಮ್ಯಾಟ್ರೆಸ್ಸಿಗೆ ಬಿಗಿದಿದ್ದು, ಮ್ಯಾಟ್ರೆಸ್ ಸ್ಟ್ರೆಚರಿನ ಮೇಲೆ ಜಾರುತ್ತಿರುವುದು ತೀರಾ ಸಾಮಾನ್ಯ.

ಹೆಡ್ ಬ್ಲಾಕ್ ಸಿಗದಾಗ ಮರಳಿನ ಚೀಲ, ಸಲೈನ್ ಬಾಟಲಿ ಇಡುತ್ತಾರೆ. ವಾಂತಿಗೆಂದು ಪಕ್ಕಕ್ಕೆ ಓರೆ ಮಾಡಿದಾಗ ಆ ತೂಕ ತಲೆಯನ್ನೇ ತಳ್ಳುತ್ತದೆ. ಟವೆಲ್ ಸುರುಳಿ ಎರಡು, ಅಗಲದ ಟೇಪು ಸಾಕು.

ಹೇಮಾವತಿ ದಡ

ವಯಸ್ಸಾದವರಲ್ಲಿ ಬೆನ್ನು ಮೊದಲೇ ಬಾಗಿರುತ್ತದೆ, ಅಂಥವರು ಅಂಗಳದಲ್ಲಿ ಜಾರಿ ಬೀಳುವುದೂ ಇದೆ. ಅವರಿಗೆ? ಮಕ್ಕಳಿಗೆ?

ಟ್ರಾಮಾ ನರ್ಸ್

ಅಜ್ಜ ಅಜ್ಜಿಯರನ್ನು ನೇರ ಮಾಡಲು ಹೋಗಲೇಬೇಡಿ. ಗೂನು ಬೆನ್ನನ್ನು ಹಲಗೆಗೆ ಒತ್ತಿ ಕಟ್ಟಿದರೆ ಅಲ್ಲಿಯ ತನಕ ಆಗದ ಗಾಯ ಆಗ ಆಗುತ್ತದೆ. ತಲೆಗೂ ಹಾಸಿಗೆಗೂ ನಡುವೆ ಎಷ್ಟು ಸಂದಿದೆಯೋ ಅಷ್ಟಕ್ಕೂ ದಿಂಬು, ಕಂಬಳಿ ತುಂಬಿ, ಅವರಿಗೆ ಹಿತವಾಗಿರುವ ಭಂಗಿಯಲ್ಲೇ ಮ್ಯಾಟ್ರೆಸ್ ಗಟ್ಟಿ ಮಾಡಿ. ಬೆನ್ನೆಲುಬು ಬೆಸೆದುಕೊಂಡ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದ್ದವರಿಗೂ ಇದೇ, ಕಾಲರ್ ಕೂರದಿದ್ದರೆ ಬಿಟ್ಟುಬಿಡಿ. ಅವರ ಮೂಳೆ ಸಣ್ಣ ಬೀಳುವಿಕೆಗೇ ಮುರಿಯುತ್ತದೆ, ಬಿದ್ದ ಎತ್ತರ ಕೇಳಿ ಹಗುರ ಎಣಿಸಬೇಡಿ.

ಎಂಟು ವರ್ಷದೊಳಗಿನ ಮಕ್ಕಳಿಗೆ ತಲೆಯ ಹಿಂಭಾಗ ದೊಡ್ಡದು. ಸಮತಟ್ಟಿನ ಮೇಲೆ ಮಲಗಿಸಿದರೆ ಗದ್ದ ಎದೆಗೆ ತಾಗಿ ಉಸಿರು ದಾರಿ ಮಡಚುತ್ತದೆ. ಭುಜದಿಂದ ಸೊಂಟದ ತನಕ ಎರಡು ಮೂರು ಸೆಂ.ಮೀ. ಮಡಿಕೆ ಬಟ್ಟೆ ಹಾಕಿ. ದೊಡ್ಡವರಿಗೆ ಇದಕ್ಕೆ ತಿರುವುಮುರುವು, ತಲೆಯ ಕೆಳಗೆ ಒಂದೆರಡು ಸೆಂ.ಮೀ. ಬೇಕು. ಐದು ತಿಂಗಳು ದಾಟಿದ ಬಸುರಿಯಾದರೆ ಕಟ್ಟಿದ ಮೇಲೆ ಇಡೀ ಮ್ಯಾಟ್ರೆಸ್ಸಿನ ಬಲಬದಿಯ ಕೆಳಗೆ ಕಂಬಳಿ ಸುರುಳಿ ಇಟ್ಟು ಎಡಕ್ಕೆ ಓರೆ ಮಾಡಿ.

ಎತ್ತುವ ಮುಂಚೆ ಒಮ್ಮೆ, ಗಾಡಿಗೆ ಹತ್ತಿಸಿದ ಮೇಲೆ ಒಮ್ಮೆ ನಾಲ್ಕೂ ಕೈಕಾಲಿನ ಚಲನೆ, ಸ್ಪರ್ಶ ನೋಡಿ ಹೊತ್ತು ಸಮೇತ ಬರೆಯಿರಿ. ಹಿಂದಿನ ಜೇಬಿನ ಮೊಬೈಲು, ಬೀಗದ ಕೈ, ಸೊಂಟದ ಕತ್ತಿ ಕೊಕ್ಕೆ ತೆಗೆಯಿರಿ. ಸ್ಪರ್ಶ ಇಲ್ಲದವರಿಗೆ ಅದು ಚುಚ್ಚುತ್ತಿದೆ ಎಂದು ಗೊತ್ತೇ ಆಗುವುದಿಲ್ಲ, ಮೂರು ಗಂಟೆಯಲ್ಲಿ ಆದ ಹುಣ್ಣು ಮೂರು ತಿಂಗಳು ಮಲಗಿಸುತ್ತದೆ. ಎತ್ತರದಿಂದ ನಿಂತ ಕಾಲಲ್ಲಿ ಬಿದ್ದು ಹಿಮ್ಮಡಿ ಒಡೆದಿದ್ದರೆ ಬೆನ್ನು ನೋಯುವುದಿಲ್ಲ ಎಂದರೂ ಬೆನ್ನಿಗೆ ಪೆಟ್ಟಾಗಿದೆ ಎಂದೇ ಹಿಡಿದು ತನ್ನಿ. ಕಂಬಳಿ ಮರೆಯಬೇಡಿ, ಬೆನ್ನುಹುರಿ ಪೆಟ್ಟಿನವರ ಮೈ ಬಿಸಿ ಹಿಡಿದಿಡುವುದಿಲ್ಲ. ಬಿಪಿ ಇಳಿದು ನಾಡಿಯೂ ನಿಧಾನವಾಗಿದ್ದರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ.

ಹೇಮಾವತಿ ದಡ

ಸಮಿತಿಗೆ ಹೀಗೆ ಬರೆದುಕೊಡುತ್ತಿದ್ದೇನೆ. ಈಗ: ಮಡಚುವ ಅಲ್ಯೂಮಿನಿಯಂ ಸ್ಕೂಪ್ 1, ಗಟ್ಟಿ ಕಾಲರ್ ದೊಡ್ಡವರದು 4, ಮಕ್ಕಳದು 2, ಹೆಡ್ ಬ್ಲಾಕ್ 1 ಜೊತೆ, ಭುಜದ್ದೂ ಸೇರಿ ಸ್ಟ್ರಾಪ್ ಎರಡು ಸೆಟ್. ಆಮೇಲೆ: ವ್ಯಾಕ್ಯೂಮ್ ಮ್ಯಾಟ್ರೆಸ್, ಪಂಪು, ತೇಪೆ ಕಿಟ್ಟು, ವಾಲ್ವ್. ಅದರ ಜೊತೆಗೇ ಪ್ಲಾಸ್ಟಿಕ್ ಬೋರ್ಡ್ 1. ಮ್ಯಾಟ್ರೆಸ್ ಬರುವ ತನಕ ಸ್ಕೂಪಿನಲ್ಲಿ ಎತ್ತಿ ಸ್ಟ್ರೆಚರಿನ ಹಾಸಿಗೆಗೆ ಇಳಿಸುತ್ತೇವೆ.

ಬಯೋಮೆಡಿಕಲ್ ಬೆಂಚು

ಸರಿಯಾಗಿದೆ. ಒಂದೊಂದರ ಮೇಲೂ ಅಳಿಸದ ಬಣ್ಣದಲ್ಲಿ ಸಮಿತಿಯ ಹೆಸರು, ಗಾಡಿ ನಂಬರು, ಫೋನ್ ನಂಬರು ಬರೆಸಿ. ಮ್ಯಾಟ್ರೆಸ್ ಪೇಶೆಂಟಿನ ಜೊತೆ ಸಿಟಿ ಸ್ಕ್ಯಾನಿಗೆ ಹೋಗಿ ಅಲ್ಲೇ ಉಳಿಯುತ್ತದೆ, ಗಾಡಿ ಖಾಲಿ ವಾಪಸ್ ಬರುತ್ತದೆ. ಕೇಸ್ ಶೀಟಿನಲ್ಲಿ "ಬಿಟ್ಟುಬಂದ ಸಾಮಾನು" ಎಂದು ಒಂದು ಸಾಲು ಸೇರಿಸಿ, ಒಪ್ಪಿಸಿಕೊಂಡ ನರ್ಸ್ ಕೈಯಲ್ಲಿ ಸಹಿ ಹಾಕಿಸಿಕೊಳ್ಳಿ. ಪಂಪನ್ನು ಮಾತ್ರ ಯಾವತ್ತೂ ಗಾಡಿಯಿಂದ ಕೆಳಗಿಳಿಸಬೇಡಿ.